ಪರಿಚಯವಿಲ್ಲದ ಕೋಳಿ

ನಮ್ಮ ಚಿಕ್ಕಪ್ಪನ ಹಿತ್ತಲಲ್ಲಿ ಕಾಲಿಟ್ಟ ಕಡೆ ಕೋಳಿ. ಆದರೆ ಆ ಮನೆಯಲ್ಲಿ ಕೋಳಿ ಸಾರು ಉಂಡವರು ನನ್ನನ್ನು ಬಿಟ್ಟು ಇನ್ನೊಬ್ಬರು ಅರಕಲಗೂಡು ತಾಲ್ಲೂಕಿನಲ್ಲಿ ಇದ್ದರೆ ಕರೆದುಕೊಂಡು ಬನ್ನಿ, ಕಿವಿಯೋಲೆ ಬಿಚ್ಚಿ ಕೊಟ್ಟುಬಿಡುತ್ತೇನೆ!

ಚಿಕ್ಕಪ್ಪ ನೀರಾವರಿ ಇಲಾಖೆಯಲ್ಲಿದ್ದವರು. ಗೊರೂರಿನ ಕ್ವಾರ್ಟರ್ಸ್ ಬಿಟ್ಟ ಮೇಲೆ ಅರಕಲಗೂಡಿನ ಹೊರಗೆ ಸಣ್ಣದೊಂದು ಸೈಟಿನಲ್ಲಿ ಮನೆ ಕಟ್ಟಿದರು. ಹಿಂದೆ ಹಿತ್ತಲು, ಹಿತ್ತಲಿಗೊಂದು ಸೀಬೆ ಮರ. ಚಿಕ್ಕಮ್ಮ ದಂಟು, ಮೆಂತ್ಯ ಹಾಕೋಣವೆಂದು ಮಡಿ ಕಟ್ಟಿದರು. ಅದೇ ವಾರ ಚಿಕ್ಕಪ್ಪ ಒಂದು ಹುಂಜ, ಒಂದು ಜೋಡಿ ಹೇಂಟೆ ತಂದರು. ಸೊಪ್ಪಿನ ಕಥೆ ಅಲ್ಲಿಗೆ ಮುಗಿಯಿತು. ಅವರಿಗೆ ಮಕ್ಕಳಿಲ್ಲ. ನಮ್ಮವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಇವರಿಬ್ಬರೇ. ಅಂದರೆ, ಕೋಳಿಗಳಿಗಿಂತ ನಾನು ಸೀನಿಯರ್!

ಕೋಳಿ ಸಾಕುವವರು ಕೋಳಿ ಕುಯ್ಯುವುದೂ ಉಂಟಲ್ಲವೇ? ಕೇಳಿದರೆ ಚಿಕ್ಕಪ್ಪನ ಉತ್ತರ ಒಂದೇ.

"ದಿನಾ ಬೆಳಿಗ್ಗೆ ಎದ್ದು ಮಕ ನೋಡ್ತೀವಿ. ಪರಿಚಯ ಇರೋರ್ನ ಎಂಗವ್ವ ಕುಯ್ಯೋದು?"

ಸರಿ, ನೆಂಟರು ಬಂದರೆ? ಪರಿಚಯವಿಲ್ಲದ ಕೋಳಿಯನ್ನು ಸಂತೆಯಿಂದ ತಂದರಾಯಿತು. ನನ್ನ ಮದುವೆಯಾದ ಹೊಸದರಲ್ಲಿ ಬೀಗರು ಊಟಕ್ಕೆ ಬರುವವರಿದ್ದರು. ಚಿಕ್ಕಪ್ಪ ಚೀಲ ಹಿಡಿದು ಕೊಣನೂರು ಸಂತೆಗೆ ಹೋದರು. ಚಿಕ್ಕಮ್ಮ ಮಸಾಲೆ ರುಬ್ಬಿಟ್ಟುಕೊಂಡು ಬಾಗಿಲಲ್ಲೇ ಕಾದರು. ಬಸ್ಸಿಳಿದು ಬಂದ ಚಿಕ್ಕಪ್ಪ ಸೀದಾ ಹಿತ್ತಲಿಗೆ ಹೋಗಿ ಚೀಲದಿಂದ ಹುಂಜವನ್ನು ಬಿಟ್ಟು, ಒಂದು ಹಿಡಿ ರಾಗಿ ಎರಚಿದರು.

"ಅಲ್ರೀ, ಮಸಾಲೆ ಅರೆದಿಟ್ಟಿವ್ನಿ!"

"ಕಂಡಕ್ಟ್ರು ಇದ್ಕೆ ಅರ್ಧ ಟಿಕೆಟ್ ಕೊಟ್ಟ ಕಣೆ. ಟಿಕೆಟ್ ತಗಂಡ್ ಮ್ಯಾಕೆ ಅದು ಪ್ಯಾಸೆಂಜರ್ರು. ಪ್ಯಾಸೆಂಜರ್‌ನ ಯಾರಾದ್ರೂ ಕುಯ್ತಾರಾ? ಅದೂ ಅಲ್ದೆ ದಾರೀಲೆಲ್ಲಾ ತೊಡೆ ಮ್ಯಾಲೇ ಕೂತಿತ್ತು, ಪರಿಚಯ ಆಗೋಯ್ತು."

ಬೀಗರು ಆ ದಿನ ಹಿತಕಿದವರೆ ಸಾರಿನಲ್ಲಿ ಮುದ್ದೆ ಉಂಡರು. ಅಂಗಳದಲ್ಲಿ ಎಲೆಯ ಮುಂದೆಯೇ ಹುಂಜ ಠೀವಿಯಿಂದ ಓಡಾಡುತ್ತಿತ್ತು. ನಮ್ಮತ್ತೆ ಅದನ್ನು ನೋಡಿದ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಹೀಗೆ ನೆಂಟರು ಬಂದಷ್ಟೂ ಕೋಳಿಗಳು ಹೆಚ್ಚಿದವು! ಗೂಡು ಸಾಲದೆ ಸೌದೆ ಕೊಟ್ಟಿಗೆ ಅವುಗಳ ಪಾಲಾಯಿತು, ಆಮೇಲೆ ಬಚ್ಚಲ ಮೂಲೆ. ಒಂದು ಹೇಂಟೆಯಂತೂ ಸ್ಕೂಟರಿನ ಮೇಲಿಟ್ಟಿದ್ದ ಬುಟ್ಟಿಯಲ್ಲೇ ಕಾವಿಗೆ ಕೂತಿತು. ಮರಿ ಹೊರಬರುವ ತನಕ ಚಿಕ್ಕಪ್ಪ ಪೇಟೆಗೆ ನಡೆದೇ ಹೋದರು. "ಕಾವಿಗೆ ಕೂತೋಳ್ನ ಎಬ್ಬಿಸಿದ್ರೆ ಪಾಪ ಬತ್ತದೆ ಕಣವ್ವ" ಎಂದರು. ಚಿಕ್ಕಮ್ಮನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಸ್ಕೂಟರ್ ಇಲ್ಲದ್ದು ಪಾಪದ ಲೆಕ್ಕಕ್ಕೆ ಬರಲಿಲ್ಲ.

ನನಗೆ ಇಷ್ಟವಾಗುತ್ತಿದ್ದುದು ಸಂಜೆ. ಹೊತ್ತು ಮುಳುಗುತ್ತಲೇ ಕೋಳಿಗಳು ಒಂದೊಂದಾಗಿ ಸೀಬೆ ಮರ ಹತ್ತಿ, ಜಾಗಕ್ಕೆ ಜಗಳವಾಡಿ, ಆಮೇಲೆ ಕತ್ತು ಒಳಗೆಳೆದುಕೊಂಡು ಸುಮ್ಮನಾಗುತ್ತಿದ್ದವು. ಎಲೆಯ ಸಂದಿಯಲ್ಲಿ ಬೆಳಕು ಮಂಕಾಗುತ್ತ, ಯಾವುದು ಎಲೆ ಯಾವುದು ಕೋಳಿ ತಿಳಿಯದಾಗುತ್ತಿತ್ತು. ಚಿಕ್ಕಪ್ಪ ಕೆಳಗೆ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು.

"ಕೇಳವ್ವ, ನಿದ್ದೇಲಿ ಗೊಣಗ್ತಾವೆ. ಕನ್ಸು ಬಿದ್ದೈತೆ."

"ಕೋಳಿಗೆಂಥ ಕನಸು ಚಿಕ್ಕಪ್ಪ?"

"ರಾಗಿ ಕಣದ್ದು. ಒಕ್ಕಣೆ ಮುಗ್ದೈತೆ. ಜನ ಎಲ್ಲಾ ಉಣ್ಣಕ್ಕೆ ಓಗವ್ರೆ. ಕಣದಾಗೆ ಯಾರೂ ಇಲ್ಲ, ಬರೀ ರಾಗಿ."

"ನಾನೂ ನಿದ್ದೇಲಿ ಗೊಣಗ್ತೀನಿ, ಒಂದಿನನಾದ್ರೂ ಕೇಳಿದ್ದೀರಾ?" ಒಳಗಿಂದ ಚಿಕ್ಕಮ್ಮ.

"ನೀನು ಎದ್ದಿದ್ದಾಗ್ಲೂ ಅದೇ ಅಲ್ವಾ!"

ಆ ಕುರ್ಚಿಯ ಕೈ ಮೇಲೆ ಮಲಗುತ್ತಿದ್ದವಳು ಚುಕ್ಕಿ. ಒಂದು ವರ್ಷ ಮುಂಗುಸಿ ನುಗ್ಗಿ ತಾಯಿ ಕೋಳಿಯನ್ನೂ ಪಿಳ್ಳೆಗಳನ್ನೂ ಮುಗಿಸಿದಾಗ ಉಳಿದದ್ದು ಇದೊಂದೇ. ಚಿಕ್ಕಪ್ಪ ಅದನ್ನು ಅಂಗಿಯೊಳಗೆ ಬೆಚ್ಚಗಿಟ್ಟು, ನುಚ್ಚು ತಿನ್ನಿಸಿ ಬೆಳೆಸಿದ್ದರು. ಮರ ಇದ್ದರೂ ಚುಕ್ಕಿಗೆ ಕುರ್ಚಿಯೇ ಬೇಕು.

ನಾನು ಬಾಣಂತನಕ್ಕೆ ಬಂದದ್ದು ಆ ವರ್ಷವೇ. ಹೆರಿಗೆ ಕಷ್ಟವಾಗಿ ಬಹಳ ರಕ್ತ ಹೋಗಿತ್ತು. ಎದ್ದರೆ ಕಣ್ಣು ಕತ್ತಲೆ, ಮಗುವಿಗೆ ಹಾಲು ಸಾಲದು. ಮಾತ್ರೆ ನುಂಗುತ್ತಿದ್ದೆ, ಆದರೆ ಊಟ ಸೇರುತ್ತಿರಲಿಲ್ಲ. ಮಗು ಅತ್ತರೆ ನಾನೂ ಅಳುತ್ತಿದ್ದೆ.

"ನಾಟಿ ಕೋಳಿ ಸಾರು ಬೀಳ್ಬೇಕು ಹೊಟ್ಟೆಗೆ" ಎಂದರು ಚಿಕ್ಕಮ್ಮ. ಚಿಕ್ಕಪ್ಪ ಚೀಲ ಹುಡುಕತೊಡಗಿದರು. ಚಿಕ್ಕಮ್ಮ ತಡೆದರು. "ಸಂತೆ ಕೋಳಿ ಎಲ್ಲಿ ಏನ್ ಮೇಯ್ದಿರ್ತದೋ, ಬಾಣಂತಿಗೆ ಆಗಕ್ಕಿಲ್ಲ. ನಮ್ಮ ಹಿತ್ತಲಲ್ಲೇ ಮೇಯ್ದಿದ್ದು, ಎಳೇದು ಆಗ್ಬೇಕು."

ಹಿತ್ತಲಲ್ಲಿ ಎಳೆಯದು ಇದ್ದದ್ದು ಒಂದೇ, ಮಿಕ್ಕವರೆಲ್ಲ ವಯಸ್ಸಾದ ಪ್ಯಾಸೆಂಜರುಗಳು. ಚಿಕ್ಕಪ್ಪ ಚೀಲ ಮಡಿಚಿಟ್ಟರು.

ಮರುದಿನ ಮಧ್ಯಾಹ್ನ ಮೆಣಸಿನ ಘಮದ ಸಾರು, ಮೆತ್ತಗಿನ ಅನ್ನ ಬಂತು. ಎಷ್ಟೋ ದಿನದ ಮೇಲೆ ನಾಲಿಗೆಗೆ ರುಚಿ ತಿಳಿಯಿತು. "ಯಾವ ಕೋಳಿ ಚಿಕ್ಕಮ್ಮ?" ಎಂದೆ. ಬಾಗಿಲಾಚೆ ಬೆನ್ನು ಹಾಕಿ ನಿಂತಿದ್ದ ಚಿಕ್ಕಪ್ಪ, "ಪರಿಚಯ ಇಲ್ದಿದ್ದು. ಬಿಸಿ ಬಿಸೀಲಿ ಉಣ್ಣು" ಎಂದರು. ಉಂಡೆ. ಇನ್ನೊಂದು ಸಲ ಬಡಿಸಿಕೊಂಡು ಉಂಡೆ. ಮಗು ಅವತ್ತು ಹಾಲು ಕುಡಿದು ನೆಮ್ಮದಿಯಾಗಿ ಮಲಗಿತು.

ಸಂಜೆ ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದೆ. ಕೋಳಿಗಳು ಮರ ಹತ್ತಿ ಆಗಿತ್ತು. ಚಿಕ್ಕಪ್ಪ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿಯ ಕೈ ಖಾಲಿ ಇತ್ತು. ಆದರೂ ಅವರು ಮೊಣಕೈಯನ್ನು ಅಲ್ಲಿ ಊರದೆ, ಒತ್ತರಿಸಿಕೊಂಡು, ಜಾಗ ಬಿಟ್ಟೇ ಕೂತಿದ್ದರು.

"ಚುಕ್ಕಿ ನಿಮಗೆ ಅಷ್ಟೊಂದು ಪರಿಚಯ ಇತ್ತಲ್ಲ ಚಿಕ್ಕಪ್ಪ" ಎಂದೆ, ಅಳುತ್ತಲೇ.

ಅವರು ತಿರುಗಿ ನೋಡಲಿಲ್ಲ. ಮೇಲೆ ಯಾವುದೋ ಕೋಳಿ ನಿದ್ದೆಯಲ್ಲಿ ಗೊಣಗಿತು. ಅದು ಸುಮ್ಮನಾಗುವವರೆಗೂ ಕಾದು ಹೇಳಿದರು:

"ಇತ್ತು ಕಣವ್ವ. ಏನ್ ಮಾಡ್ಲಿ, ನಿನ್ ಪರಿಚಯ ಅದ್ಕಿಂತ ಮುಂಚಿಂದು."