ಕೊಲೆಗಾರ ಯಾರೆಂದು ಹೇಳಕೂಡದು

ಶಿಸ್ತಿನಿಂದ ನಾಟಕ ಆಡಿಸುತ್ತೇನೆಂದು ಹೊರಟವನಿಗೇ ಇಂಥವೆಲ್ಲ ಆಗುವುದು. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ, ಡೆಟ್ರಾಯಿಟ್ ಕಡೆಯ ನಮ್ಮ ಕನ್ನಡ ಸಂಘದ ದೀಪಾವಳಿಗೆ, ಹಾಲಿವುಡ್ಡಿನ ಹಳೆಯ ಕಪ್ಪು-ಬಿಳುಪು ಪತ್ತೇದಾರಿ ಹಾಸ್ಯಚಿತ್ರವೊಂದನ್ನು ಕನ್ನಡಕ್ಕಿಳಿಸಿದೆ. ನನ್ನದು ಒಂದೇ ಷರತ್ತು: ಕೊಲೆಗಾರ ಯಾರೆಂಬುದು ಕೊನೆಯ ದೃಶ್ಯದವರೆಗೆ ಯಾರಿಗೂ ತಿಳಿಯಕೂಡದು. ತಿಳಿದರೆ ನಾಟಕವೇ ಸತ್ತಂತೆ.

೧. ಲೋಟ

ಮೂಲದಲ್ಲಿ ಪತ್ತೇದಾರನ ಕೈಯಿಂದ ಮದ್ಯದ ಗ್ಲಾಸ್ ಇಳಿಯುವುದೇ ಇಲ್ಲ. ತಮಾಷೆ ಇರುವುದೇ ಅಲ್ಲಿ. ಮಕ್ಕಳು ಬರುತ್ತಾರೆ, ಬೇಡ ಎಂದಿತು ಸಮಿತಿ. ನಿಂಬೆ ಪಾನಕ ಎಂದೆ. ಗ್ಲಾಸಿನ ಆಕಾರವೇ ಸರಿಯಿಲ್ಲವಂತೆ. ಸ್ಟೀಲ್ ಲೋಟಕ್ಕೆ ರಾಜಿಯಾಯಿತು. ರಿಹರ್ಸಲ್ ನೋಡಲು ಬಂದ ಸಮಿತಿಯ ಹಿರಿಯರು ಗಂಭೀರವಾಗಿ ಕೂತು ನೋಡಿ, "ಎಲ್ಲಾ ಚೆನ್ನಾಗಿದೆ ಸಾರ್. ಪತ್ತೇದಾರ ಕಷಾಯ ಕುಡೀತಾನೇ ಇದ್ದಾನಲ್ಲ, ನೆಗಡಿ ಯಾವಾಗ ವಾಸಿಯಾಗತ್ತೆ?" ಎಂದರು.

೨. ಸಜ್ಜನ

ಕೊಲೆಗಾರನ ಪಾತ್ರಕ್ಕೆ ಧಾರವಾಡ ಕಡೆಯ ಡಾಕ್ಟರೊಬ್ಬರನ್ನು ಆರಿಸಿದೆ. ಆ ಮುಖವನ್ನು ಯಾರೂ ಅನುಮಾನಿಸುವುದಿಲ್ಲ. ಹೆಂಡತಿಗೂ ಹೇಳುವುದಿಲ್ಲವೆಂದು ಆಣೆ ಮಾಡಿದರು. ಪಾತ್ರವನ್ನು ಮಾತ್ರ ಒಪ್ಪಲಿಲ್ಲ.

"ಹಾಲ್‌ನಾಗ ಅರ್ಧಾ ಮಂದಿ ನನ್ನ ಪೇಷಂಟ್ಸ್ ಅದಾರ್ರೀ. ವಿಷಾ ಹಾಕಿದ್ದು ನಾನ ಅಂದ್ರ, ನಾಳೆ ಯಾರ್ ಬರ್ತಾರ?"

ವಿಷ ತೆಗೆದು ಪಿಸ್ತೂಲು ಕೊಟ್ಟೆ. ವೃತ್ತಿಗೆ ಕಳಂಕವಿಲ್ಲವೆಂದು ಸಂತೋಷವಾಗಿ ಕೊಲೆಗೆ ಒಪ್ಪಿದರು.

೩. ಪರಿಚಯ

ಪರದೆ ಏಳುವ ಮೊದಲೇ ಕಲಾವಿದರನ್ನು ಸಾಲಾಗಿ ನಿಲ್ಲಿಸಿ ಪರಿಚಯಿಸುವುದು ನಮ್ಮ ಸಂಘದ ವಾಡಿಕೆ. ಬೇಡವೆಂದೆ. ಹಾಗಾದರೆ ಮನೆಯವರು ಫೋಟೊ ತೆಗೆಯುವುದು ಯಾವಾಗ ಎಂದಿತು ಸಮಿತಿ. ಹೆಸರು ಮಾತ್ರ ಹೇಳಿ, ಪಾತ್ರ ಬೇಡ ಎಂದು ನಿರೂಪಕಿಗೆ ತಾಕೀತು ಮಾಡಿದೆ. ಅಂದಿನ ನಿರೂಪಕಿ ಡಾಕ್ಟರ ಶ್ರೀಮತಿ. ಎಲ್ಲರ ಹೆಸರನ್ನೂ ನಾನು ಹೇಳಿದಂತೆಯೇ ಓದಿದರು. ಗಂಡನ ಸರದಿ ಬಂದಾಗ ಅಭಿಮಾನ ತಡೆಯಲಾಗಲಿಲ್ಲ.

"ಇವರು ನಮ್ಮನಿಯವರು. ಮನ್ಯಾಗ ಒಂದು ಜಿರಳೀನೂ ಹೊಡಿಯಾಂಗಿಲ್ಲ. ಇವತ್ತ ನಿಮಗೋಸ್ಕರ ಕೊಲಿ ಮಾಡ್ಯಾರ, ಜೋರಾಗಿ ಚಪ್ಪಾಳಿ ಹೊಡೀರಿ."

ಜೋರಾಗಿಯೇ ಹೊಡೆದರು.

ಪರದೆ ಎದ್ದಿತು. ನಾಟಕ ನಿಲ್ಲಿಸುವುದು ನನ್ನ ಜಾಯಮಾನವಲ್ಲ. ಪತ್ತೇದಾರ ಒಬ್ಬೊಬ್ಬರನ್ನೇ ಅನುಮಾನಿಸುತ್ತ ಬಂದು, "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ. ಆದರೆ ಯಾರು?" ಎಂದು ದೀರ್ಘ ಯೋಚನೆಗಿಳಿದ. ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಅಜ್ಜಿಯೊಬ್ಬರು ಮುಂದಿನ ಸಾಲಿನಿಂದ ಸಮಾಧಾನವಾಗಿಯೇ ಹೇಳಿದರು:

"ಅವರ ಹೆಂಡ್ತೀನೇ ಮೈಕಲ್ಲಿ ಒಪ್ಕೊಂಡಾಯ್ತಲ್ಲಪ್ಪ. ಹಿಡ್ಕೊಂಡು ಹೋಗು, ಊಟ ತಣ್ಣಗಾಗ್ತಿದೆ."