ಬೋರಯ್ಯನ ನೀರು, ಹಾಜಿರಾ ಬೀ ಕೆಂಡ

ಮಹಾಯುದ್ಧದ ಐದನೆಯ ವರ್ಷದಲ್ಲಿ ಗೆಲ್ಲುವವರು ಯಾರೆಂದು ಲೋಕವೆಲ್ಲ ತಲೆ ಕೆಡಿಸಿಕೊಂಡಿದ್ದಾಗ, ಮಂಡ್ಯದ ಒಂದು ವಠಾರದಲ್ಲಿ ಅದಕ್ಕಿಂತ ಗಹನವಾದ ಪ್ರಶ್ನೆಯೊಂದು ಎದ್ದು ನಿಂತಿತ್ತು: ಅರ್ಧ ಸೇರು ಅಕ್ಕಿಗೆ ನೀರೆಷ್ಟು?

ಪ್ರಶ್ನೆ ಎತ್ತಿದವನು ಗುಮಾಸ್ತ ಮರಿಯಯ್ಯನೇ. ಮೂರು ವಾರದ ಹಿಂದೆ ಊಟಕ್ಕೆ ಕೂತವನು, "ಇದೇನು ಅನ್ನವೋ, ಗೋಡೆಗೆ ಮೆತ್ತೋ ಗಾರೆಯೋ? ನೀರಿನ ಅಂದಾಜು ಬ್ಯಾಡ್ವಾ?" ಎಂದಿದ್ದ. ಹೆಂಡತಿ ಹೊಂಬಾಳಮ್ಮ ಸೌಟು ಕೆಳಗಿಟ್ಟು, ಮಳವಳ್ಳಿ ಬಸ್ಸು ಹತ್ತಿ, ತವರೂರು ಪೂರಿಗಾಲಿ ಸೇರಿದಳು. ಆಮೇಲೆ ಮಾವ ಅಂಕಯ್ಯನವರ ಕಾಗದ ಬಂತು: "ಗುರುವಾರ ಮಂಡ್ಯದ ಆಸ್ಪತ್ರೆಯಲ್ಲಿ ಕೆಲಸವಿದೆ. ಮಧ್ಯಾಹ್ನ ತಮ್ಮಲ್ಲಿ ಊಟ. ಅನ್ನ ತಾವೇ ಮಾಡತಕ್ಕದ್ದು. ಉದುರುದುರಾಗಿ ಬಂದರೆ ಮಗಳನ್ನು ಕಳಿಸುತ್ತೇನೆ. ಇಲ್ಲವಾದರೆ ತಾವು ಪೂರಿಗಾಲಿಗೆ ಬಂದು ಎಲ್ಲರೆದುರು ತಪ್ಪಾಯಿತೆನ್ನತಕ್ಕದ್ದು."

ಮರಿಯಯ್ಯ ಕಚೇರಿಗೆ ರಜೆ ಬರೆದ. ಮೂವತ್ತು ವರ್ಷ ಅನ್ನ ತಿಂದ ಅನುಭವ, ಮಾಡುವ ಹೊತ್ತಿಗೆ ಒಂದಿಷ್ಟೂ ಕೆಲಸಕ್ಕೆ ಬರಲಿಲ್ಲ. ರೇಷನ್ ಅಕ್ಕಿ ಉಳಿದಿದ್ದೇ ಅರ್ಧ ಸೇರು. ಕೆಟ್ಟರೆ ಇನ್ನೊಂದು ಸಲವಿಲ್ಲ.

ಪಕ್ಕದ ಮನೆಯ ಬೋರಯ್ಯ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿಗೆ ನೀರು ಬಿಡುವವನು. ಗುರುವಾರ ಬೆಳಿಗ್ಗೆ ಒಲೆಯ ಮೇಲಿದ್ದ ಪಾತ್ರೆಯೊಳಗೆ ಇಣುಕಿ ನಕ್ಕ.

"ಇದೇನ್ಲಾ ಮರಿಯಾ, ಗುಬ್ಬಚ್ಚಿ ಕುಡ್ಯೋವಷ್ಟು ನೀರು! ಧಾರಾಳವಾಗಿ ಉಯ್ಯಿ. ಬೆಂದ್ಮೇಲೆ ಗಂಜಿ ಬಸಿ, ಅನ್ನ ಉದ್ರುದ್ರಾಯ್ತದೆ. ಬಾಯ್ಲರ್ ನಡ್ಸೋನ್ಗೇ ನೀರಿನ ಲೆಕ್ಕ ಏಳ್ಕೊಟ್ಟೀಯಾ?" ಎಂದು ತಾನೇ ಎರಡು ಚೊಂಬು ಸುರಿದು ಪಾಳಿಗೆ ಹೊರಟುಹೋದ.

ಅನ್ನ ಕುದಿಯಿತು. ಬಸಿಯಲು ಬಟ್ಟೆ ಹಿಡಿದು ನಿಂತ ಮರಿಯಯ್ಯನನ್ನು ಎದುರು ಮನೆಯ ಹಾಜಿರಾ ಬೀ ಕಂಡರು. ಮದುವೆ ಮನೆಗಳಲ್ಲಿ ಪಲಾವು ಇಳಿಸಿ ಪಳಗಿದ ಕೈ.

"ಏ ಏ ಬೇಟಾ, ಗಂಜಿ ಚೆಲ್ತೀಯಾ? ರುಚಿಯೆಲ್ಲ ಮೋರಿಗೆ ಹೋಗ್ತದೆ! ಮುಚ್ಚಳ ಹಾಕು, ಮೇಲೆ ಕೆಂಡ ಇಡು, ಮುಟ್ಬೇಡ. ಒಂದೊಂದು ಕಾಳೂ ಸಲಾಮು ಹೊಡೀತಾ ನಿಂತಿರ್ತದೆ."

"ಬೋರಣ್ಣ ಬಸಿ ಅಂದ್ನಲ್ಲಮ್ಮಾ?"

"ಬೋರಯ್ಯ ಯಾವತ್ತು ಅನ್ನ ಮಾಡಿದ್ದ?"

ಮರಿಯಯ್ಯ ಬಸಿಯುವ ಬಟ್ಟೆ ಕೆಳಗಿಟ್ಟ. ನೀರು ಎಷ್ಟು ಹಾಕಿದೆಯೆಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಕೆಂಡ ಮುಚ್ಚಳವೇರಿತು.

ತೆಗೆದು ನೋಡಿದರೆ ಒಂದು ಕಾಳೂ ನಿಂತಿರಲಿಲ್ಲ. ವ್ಯಾಜ್ಯ ಮುಗಿಸಿ ರಾಜಿಯಾದ ದಾಯಾದಿಗಳಂತೆ ಎಲ್ಲವೂ ಒಂದನ್ನೊಂದು ತಬ್ಬಿಕೊಂಡು ಮಲಗಿದ್ದವು.

"ಅವಳದ್ದೇ ವಾಸಿ," ಎಂದುಕೊಂಡ ಮರಿಯಯ್ಯ. "ಗೋಡೆಗಾದ್ರೂ ಮೆತ್ತಬೋದಾಗಿತ್ತು. ಇದು ಗೋಡೇಲೂ ನಿಲ್ಲಾಕಿಲ್ಲ."

ಅಂಕಯ್ಯನವರು ಟವಲಿನಿಂದ ಬಾಯಿ ಮುಚ್ಚಿಕೊಂಡೇ ಬಂದು ತಟ್ಟೆಯ ಮುಂದೆ ಕೂತರು. ಪೂರಿಗಾಲಿಯಲ್ಲಿ ಹೇಳಬೇಕಾದ ತಪ್ಪೊಪ್ಪಿಗೆಯನ್ನು ಅಳಿಯ ಮನಸ್ಸಿನಲ್ಲೇ ಕರಡು ಮಾಡತೊಡಗಿದ. ಮಾವ ಒಂದು ತುತ್ತು ನುಂಗಿದರು. ಇನ್ನೊಂದು. ಆಮೇಲೆ ತಟ್ಟೆ ಮುಂದೆ ಚಾಚಿದರು.

"ಬೆಳಿಗ್ಗೆ ಆಸ್ಪತ್ರೇಲಿ ಬಾಯಾಗಿನ ಆರು ಅಲ್ಲು ಕಿತ್ರು ಅಳಿಯಂದ್ರೇ. ಏನ್ ತಿನ್ಲಪ್ಪ ಸಿವ್ನೇ ಅಂತಿದ್ದೆ. ಇದು ಬೆಣ್ಣೆ ಅಂಗೆ ಜಾರ್ತದೆ! ನಮ್ ಒಂಬಾಳುಗೂ ಇಂಗೆ ಬರಾಕಿಲ್ಲ."

ಮರಿಯಯ್ಯನಿಗೆ ಜೀವ ಬಂತು. "ಅಂಗಾದ್ರೆ ಅವಳ್ನ ಕಳಿಸ್ತೀರಾ ಮಾವ?"

"ಅವ್ಳ್ಯಾಕೆ? ವಸಡು ಮಾಯೋಗಂಟ ನಾನೇ ಇಲ್ಲಿರ್ತೀನಿ. ದನ ಕರ ನೋಡ್ಕೊಳಾಕೆ ಅಲ್ಲಿ ಅವ್ಳು ಬೇಕಲ್ಲ. ನೀವು ದಿನಾ ಇಂಗೇ ಮಾಡಿ, ಸಾಕು," ಎಂದು ಚೀಲದಿಂದ ಎರಡು ಸೇರು ಅಕ್ಕಿ ತೆಗೆದಿಟ್ಟರು.

ಮಾರನೆಯ ದಿನ ಮರಿಯಯ್ಯನ ಅನ್ನ ಮಲ್ಲಿಗೆ ಮೊಗ್ಗಿನಂತೆ ಉದುರುದುರಾಗಿ ಬಂತು. ಅಂಕಯ್ಯನವರು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು.