ಠಾಣದ ಕಲ್ಲು

ವಾಸುವಿನ ಪೇಜರಿನ ಬಾಯಿ ಮುಚ್ಚಿಸಿದ್ದೇ ಆ ದಿನದ ಅಷ್ಟೂ ಅನಾಹುತಕ್ಕೆ ಕಾರಣ.

ಅದು ಅವನ ಕೈಗೆ ಬಂದು ಇನ್ನೂ ವಾರ ಆಗಿರಲಿಲ್ಲ. ಮುಂಬಯಿ ಪಕ್ಕದ ಠಾಣೆಯಿಂದ ಕಲ್ಯಾಣದವರೆಗಿನ ಹೋಟೆಲುಗಳಲ್ಲಿ ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರುಗಳನ್ನು ರಿಪೇರಿ ಮಾಡುವುದು ವಾಸುವಿನ ಕೆಲಸ. ಎಲ್ಲಿ ಕಲ್ಲು ನಿಂತರೂ ತಕ್ಷಣ ತಿಳಿಯಲಿ ಎಂದು ಧಣಿ ಶೇಖರ, ಫೋನಿನಲ್ಲಿ ಹೇಳಿದ್ದನ್ನು ಅಕ್ಷರದಲ್ಲಿ ತೋರಿಸುವ ಆ ಕಪ್ಪು ಡಬ್ಬಿಯನ್ನು ತಾನೇ ಅವನ ಸೊಂಟಕ್ಕೆ ಸಿಕ್ಕಿಸಿ, "ನೋಡು ವಾಸು, ಇದು ಕೂಗಿದ ಮೇಲೂ ನೀನು ಮನೆಯಲ್ಲಿ ಕೂತದ್ದು ಗೊತ್ತಾದ್ರೆ ಮತ್ತೆ ಕೆಲಸಕ್ಕೆ ಬರುವುದೇ ಬೇಡ" ಎಂದಿದ್ದ.

ಭಾನುವಾರ ಡೊಂಬಿವಲಿಯಲ್ಲಿ ವಾಸುವಿನ ಮನೆಯಿರುವ ಸೊಸೈಟಿಯ ಹಾಲಿನಲ್ಲಿ ಭಜನಾ ಮಂಡಳಿಯ ವರ್ಷದ ಭಜನೆ. ಹೊರಡುವಾಗ ಹೆಂಡತಿ ನಳಿನಾಕ್ಷಿ ಅವನ ಸೊಂಟ ನೋಡಿದಳು.

"ಅದು ದೇವರ ಎದುರು ಕೀಂ ಕೀಂ ಅಂದ್ರೆ ನಾನು ತೆಗೆದು ಬಾಲ್ದಿಗೆ ಹಾಕ್ತೇನೆ, ಈಗಲೇ ಹೇಳಿದ್ದೇನೆ."

ಕಾಲೇಜಿಗೆ ಹೋಗುವ ಮಗಳು ಮಾನಸಿ, ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವವಳು, "ಲಾವೋ ಪಪ್ಪಾ, ಆವಾಜ್ ಬಂದ್ ಕರ್ ದೇತೀ ಹೂಂ" ಎಂದು ಏನೋ ಒತ್ತಿ ವಾಪಸು ಕೊಟ್ಟಳು. ಬಾಯಿ ಮುಚ್ಚಿದ ಪೇಜರ್ ಗಡಗಡ ನಡುಗುತ್ತದೆ ಎಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ.

ಭಜನೆಗೆ ಹೋಗುವುದೆಂದರೆ ವಾಸುವಿಗೆ ಪರೀಕ್ಷೆಗೆ ಕೂತಂತೆ. ಮಂಡಳಿಯ ಅಧ್ಯಕ್ಷ ಪುಂಡರೀಕಾಕ್ಷ ಮೊದಲ ಪಲ್ಲವಿಗೇ ಅಳುವವರು. ಎರಡನೆಯದಕ್ಕೆ ಹೆಂಗಸರ ಸಾಲು ಪೂರ್ತಿ ಅಳುತ್ತಿತ್ತು. ವಾಸು ಮಾತ್ರ ಒಣಗಿದ ಕಣ್ಣಿನಲ್ಲಿ ತಾಳ ತಪ್ಪಿಸುತ್ತ ಕೂತಿರುತ್ತಿದ್ದ. ಹೋದ ವರ್ಷ ಮಂಗಳಾರತಿಯ ಹೊತ್ತಿಗೆ ಆಕಳಿಸಿದ್ದನ್ನು ನಳಿನಾಕ್ಷಿ ಇನ್ನೂ ಮರೆತಿರಲಿಲ್ಲ.

ಹಾಗೆಂದು ಅವನಿಗೆ ದೇವರಿಲ್ಲ ಎಂದಲ್ಲ. ಬೆಲ್ಟು ಬಿಗಿಮಾಡಿ, ಬೇರಿಂಗಿಗೆ ಗ್ರೀಸು ತುಂಬಿ ಸ್ವಿಚ್ಚು ಹಾಕಿದಾಗ, ಸತ್ತಂತಿದ್ದ ಕಲ್ಲು ಮೆಲ್ಲಗೆ ಗುರ್ರೆಂದು ತಿರುಗಲು ಶುರುಮಾಡುತ್ತದಲ್ಲ, ಆ ಕ್ಷಣದಲ್ಲಿ ಅವನಿಗೆ ಮೈಯೆಲ್ಲ ತಣ್ಣಗಾಗುತ್ತಿತ್ತು. ಯಾರೂ ನೋಡದಂತೆ ಗ್ರೈಂಡರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಗ್ರೈಂಡರಿಗೆ ಕೈಮುಗಿಯುವವನ ತಲೆ ನೆಟ್ಟಗಿದೆ ಎಂದು ಯಾರು ನಂಬುತ್ತಾರೆ?

ಭಜನೆ ಏರುತ್ತಿತ್ತು. ಪುಂಡರೀಕಾಕ್ಷರ ಎರಡನೇ ಕರವಸ್ತ್ರವೂ ಒದ್ದೆಯಾಗಿತ್ತು. ಆಗ ವಾಸುವಿನ ಸೊಂಟದಲ್ಲಿ ಏನೋ ಗರ್ರೆಂದಿತು. ದಿನಕ್ಕೊಮ್ಮೆಯಾದರೂ ಕರೆಂಟು ಹೊಡೆಸಿಕೊಳ್ಳುವ ಮನುಷ್ಯ, ಶಾಕ್ ಹೊಡೆಯಿತೆಂದೇ ತಿಳಿದು, ಕೂತಲ್ಲಿಂದ ಹಾರಿ, ತಾಳ ಎಸೆದು, ಎರಡೂ ಕೈ ಮೇಲೆತ್ತಿ "ಹೋ" ಎಂದ.

ಹಾಡು ನಿಂತಿತು. ಪುಂಡರೀಕಾಕ್ಷ ಅವನ ನಡುಗುವ ಸೊಂಟವನ್ನು ನೋಡಿದರು.

"ದರ್ಶನ" ಎಂದರು ಪಿಸುದನಿಯಲ್ಲಿ. "ವಾಸಣ್ಣನಿಗೆ ದರ್ಶನ ಬಂತು."

ಕರಾವಳಿಯವರೇ ಹೆಚ್ಚಿದ್ದ ಆ ಹಾಲಿನಲ್ಲಿ ಈ ಮಾತಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದೇವರು ಮೈಮೇಲೆ ಬಂದಿದೆ. ನಾಲ್ಕು ಜನ ಓಡಿಬಂದು ಅವನ ತೋಳು ಹಿಡಿದರು. ಯಾರೋ ಹಣೆಯಿಂದ ಗಲ್ಲದವರೆಗೆ ಅರಸಿನ ಬಳಿದರು. ದರ್ಶನ ಬಂದವನ ಕೈಗೆ ಊರಿನಲ್ಲಾದರೆ ಅಡಕೆಯ ಸಿಂಗಾರದ ಹೂ ಕೊಡುತ್ತಾರೆ. ಡೊಂಬಿವಲಿಯಲ್ಲಿ ಅದೆಲ್ಲಿ ಸಿಗಬೇಕು? ಊಟಕ್ಕೆಂದು ತಂದಿದ್ದ ಕೊತ್ತಂಬರಿ ಸೊಪ್ಪಿನ ಕಟ್ಟೊಂದನ್ನು ಹಿಡಿಸಿದರು.

ವಾಸು ಹೇಗೋ ಬಗ್ಗಿ ಪೇಜರಿನ ಕಡೆ ಕಣ್ಣು ಹಾಯಿಸಿದ. ಠಾಣೆಯ ಮದುವೆ ಹಾಲಿನಲ್ಲಿ ಗ್ರೈಂಡರ್ ಬಂದ್, ಜಲ್ದಿ ಬಾ ಎಂದಿತ್ತು. ಸಂಜೆ ರಿಸೆಪ್ಷನ್ನಿಗೆ ವಡೆ ಎಂಬುದು ಅವನಿಗೆ ನೆನಪಾಯಿತು.

"ಬಿಡಿ ನನ್ನನ್ನು. ಕರೆ ಬಂದಿದೆ, ಹೋಗಬೇಕು" ಎಂದ.

ನಳಿನಾಕ್ಷಿ ಗೋಳೋ ಎಂದು ಅಳತೊಡಗಿದಳು. ಇಷ್ಟು ವರ್ಷ ಕಲ್ಲಿನಂತಿದ್ದ ಗಂಡ ಕೊನೆಗೂ ಕರಗಿದ ಎಂಬ ಸಂತೋಷ ಒಂದು ಕಡೆ, ಎಲ್ಲಿಗೆ ಹೊರಟನೋ ಎಂಬ ಭಯ ಇನ್ನೊಂದು ಕಡೆ.

"ಎಲ್ಲಿಗೆ ಸ್ವಾಮಿ?" ಎಂದು ಪುಂಡರೀಕಾಕ್ಷ ಕೈಮುಗಿದರು.

"ಠಾಣಕ್ಕೆ ಮಾರಾಯ್ರೆ. ಠಾಣದ ಕಲ್ಲು ನಿಂತಿದೆ. ನಾನು ಹೋಗಿ ತಿರುಗಿಸದಿದ್ರೆ ಆಗುವುದಿಲ್ಲ. ಉದ್ದು ನೆನೆದು ಕೂತಿದೆ, ಐನೂರು ಜನ ಕಾಯ್ತಾರೆ."

ಠಾಣೆಯನ್ನು ಅವರೆಲ್ಲ ಠಾಣ ಎಂದೇ ಕರೆಯುವುದು. ಆದರೆ ದೇವರ ಬಾಯಲ್ಲಿ ರೈಲ್ವೆ ಸ್ಟೇಷನ್ನಿನ ಹೆಸರು ಬರುತ್ತದೆ ಎಂದು ಯಾರೂ ಎಣಿಸುವುದಿಲ್ಲ. ಊರಿನಲ್ಲಿ ದೈವದ ಗುಡಿಗೆ ಸ್ಥಾನ ಎನ್ನುತ್ತಾರಲ್ಲ, ಎಲ್ಲರ ಕಿವಿಗೂ ಅದೇ ಬಿತ್ತು.

"ಸ್ಥಾನದ ಕಲ್ಲು" ಎಂದು ಪುಂಡರೀಕಾಕ್ಷ ಸಭೆಗೆ ಬಿಡಿಸಿ ಹೇಳಿದರು. "ಯಾರದೋ ಸ್ಥಾನ ಪಾಳು ಬಿದ್ದಿದೆ. ದಿಕ್ಕು ತಿರುಗಿಸಿ ಪ್ರತಿಷ್ಠೆ ಆಗಬೇಕು. ಐನೂರು ಅಂದ್ರೆ ಗತಿಸಿದ ಹಿರಿಯರು, ಉದ್ದಿನ ಎಡೆಗೆ ಕಾಯ್ತಾ ಇದ್ದಾರೆ."

"ಅಯ್ಯೋ, ಗ್ರೈಂಡರಿನ ಕಲ್ಲು. ಇದು ಪೇಜರ್" ಎನ್ನುವಷ್ಟರಲ್ಲಿ ಅದು ಮತ್ತೆ ನಡುಗಿ, ಮಾತು ಗಂಟಲಲ್ಲೇ ಬೆಬ್ಬೆಬ್ಬೆ ಆಯಿತು. ಹಾಲಿಗೆ ಹಾಲೇ ಕೈಮುಗಿಯಿತು.

"ದರ್ಶನ ಇಳಿಯದೆ ಹೊಸ್ತಿಲು ದಾಟಬಾರದು" ಎಂದು ಬಾಗಿಲು ಹಾಕಿದರು. ಸಾಲು ನಿಂತಿತು. ಮೊದಲು ಬಂದವಳು ಮೂರನೇ ಮಾಳಿಗೆಯ ದಾನಮ್ಮ, ಕಲಬುರಗಿ ಕಡೆಯವಳು.

"ಯಪ್ಪಾ ಸ್ವಾಮಿ, ನಮ್ಮ ಮಾಳಿಗಿಗಿ ನೀರು ಯಾಕ ಏರವಲ್ದು? ಯಾರರೆ ಮಾಟ ಮಾಡ್ಯಾರೇನು?"

"ಪಂಪಿನ ವಾಶರ್ ಹೋಗಿದೆ ದಾನಮ್ಮ. ಹೊಸದು ಹಾಕಿಸಿ."

"ಒಗಟಿನಾಗ ಹೇಳ್ಲಾಕತ್ತಾರ" ಎಂದು ದಾನಮ್ಮ ಅಧ್ಯಕ್ಷರ ಮುಖ ನೋಡಿದಳು.

"ವಾಶರ್ ಅಂದ್ರೆ ವಾಸ" ಎಂದರು ಪುಂಡರೀಕಾಕ್ಷ. "ಸ್ವಾಮಿಗೆ ಮಾಳಿಗೆಯಲ್ಲಿ ವಾಸಕ್ಕೆ ಜಾಗ ಬೇಕಂತೆ."

ವಾಸುವಿಗೆ ಈಗ ನಿಜವಾಗಿಯೂ ಅಳು ಬರುವಂತಾಗಿತ್ತು. ಪೇಜರ್ ಎಷ್ಟು ಸಲ ನಡುಗಿತೋ ಅಷ್ಟು ಸಲ ಒಂದೊಂದು ತೆಂಗಿನಕಾಯಿ ಒಡೆದರು. ಕೆಲಸವಂತೂ ಹೋಯಿತು, ಮನೆಯ ಬಾಡಿಗೆ, ಮಗಳ ಕಾಲೇಜು ಏನು ಗತಿ ಎಂದು ಅವನು ಯೋಚಿಸುತ್ತಿರುವಾಗ, ಯಾರೋ ದಬದಬ ಬಾಗಿಲು ಬಡಿದರು. ತೆರೆದರೆ ಧಣಿ ಶೇಖರ, ಠಾಣೆಯಿಂದ ಲೋಕಲ್ ರೈಲು ಹಿಡಿದು ಕೆಂಡವಾಗಿ ಬಂದಿದ್ದಾನೆ.

"ಎಲ್ಲಿ ಅವನು ವಾಸು? ಅಲ್ಲಿ ಅಡುಗೆಯವರು ನನ್ನ ಕುತ್ತಿಗೆ ಹಿಡಿದಿದ್ದಾರೆ, ಇಲ್ಲಿ ಇವನು..."

ಅರಸಿನ ಮೆತ್ತಿದ, ಕೊತ್ತಂಬರಿ ಹಿಡಿದ ವಾಸುವನ್ನು ಕಂಡು ಶೇಖರ ಬಾಗಿಲಲ್ಲೇ ನಿಂತ. ಪುಂಡರೀಕಾಕ್ಷ ಅವನ ಕಿವಿಯಲ್ಲಿ ಹೇಳಿದರು, "ಸ್ಥಾನದ ಕಲ್ಲು ನಿಂತಿದೆ ಅಂತ ಅಪ್ಪಣೆ ಆಗ್ತಾ ಉಂಟು."

ಶೇಖರ ಚಪ್ಪಲಿ ಕಳಚಿದ. ಊರಿನಲ್ಲಿ ಅವನ ಕುಟುಂಬದ ಸ್ಥಾನಕ್ಕೆ ದೀಪ ಇಡುವವರಿಲ್ಲದೆ ಎಷ್ಟೋ ವರ್ಷವಾಗಿತ್ತು. ಅವನು ನಿಂತಲ್ಲೇ ಅಡ್ಡ ಬಿದ್ದ.

"ಶೇಖರಣ್ಣ, ಏಳಿ" ಎಂದು ವಾಸು ಗೋಗರೆದ. "ಆ ಮೆಸೇಜು ನೀವೇ ಕಳಿಸಿದ್ದು. ಠಾಣದ ಗ್ರೈಂಡರಿನ ಕಲ್ಲು."

"ನಾನು ಕಳಿಸಿದ್ದು ಹೌದು" ಎಂದ ಶೇಖರ ಕಣ್ಣೊರೆಸಿಕೊಳ್ಳುತ್ತ. "ಆದ್ರೆ ನನ್ನಿಂದ ಕಳಿಸಿದ್ದು ಯಾರು? ಅದು ಹೇಳಿ ಸ್ವಾಮಿ."

ನಿನ್ನೆಯವರೆಗೆ ನೀನು ಎನ್ನುತ್ತಿದ್ದವನು ಈಗ ಸ್ವಾಮಿ ಎನ್ನುತ್ತಿದ್ದಾನೆ, ಕೆಲಸ ಉಳಿಯಿತು ಎಂದೇ ವಾಸು ಭಾವಿಸಿದ. ಅಷ್ಟರಲ್ಲಿ ಶೇಖರ ಎದ್ದು, ಎರಡೂ ಕೈಯಿಂದ ಭಕ್ತಿಯಿಂದ ಅವನ ಸೊಂಟದ ಪೇಜರ್ ಬಿಚ್ಚಿಕೊಂಡ.

"ದೇವರು ಬರುವ ಮೈಗೆ ನಾನು ಇಷ್ಟು ದಿನ ಗ್ರೀಸು ಹಚ್ಚಿಸಿದೆ. ಇನ್ನು ಆ ಪಾಪ ಬೇಡ. ನಾಳೆಯಿಂದ ತಾವು ಕೆಲಸಕ್ಕೆ ಬರಬಾರದು."

"ನನಗೆ ಕೆಲಸ ಬೇಕು ಶೇಖರಣ್ಣ."

"ಸ್ವಾಮಿ ನನ್ನನ್ನು ಪರೀಕ್ಷೆ ಮಾಡ್ತಾ ಇದ್ದಾರೆ" ಎಂದು ಶೇಖರ ಎಲ್ಲರಿಗೂ ಹೇಳಿ, ಪೇಜರನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ. ಠಾಣೆಯ ಅಡುಗೆಯವರು ಮತ್ತೆ ಫೋನಿಗೆ ಹೋಗಿದ್ದರೆಂದು ಕಾಣುತ್ತದೆ. ಡಬ್ಬಿ ಗರ್ರೆಂದಿತು. ಶೇಖರ ಅಂಗೈಯಗಲ ನೆಲ ಬಿಟ್ಟು ಹಾರಿ, ವಾಸುವಿಗಿಂತ ದೊಡ್ಡದಾಗಿ "ಹೋ" ಎಂದ. ಆಮೇಲೆ ಧಾರಾಕಾರವಾಗಿ ಅತ್ತ.

"ದರ್ಶನ ಧಣಿಗಳ ಮೇಲೆ ಹೋಯಿತು" ಎಂದರು ಪುಂಡರೀಕಾಕ್ಷ. ವಾಸುವಿನ ಕೈಯ ಕೊತ್ತಂಬರಿಯನ್ನು ಕಿತ್ತು ಶೇಖರನಿಗೆ ಹಿಡಿಸಿದರು. ನಳಿನಾಕ್ಷಿಯೂ ಆ ಕಡೆಯ ಸಾಲಿಗೆ ಹೋದಳು.

ವಾಸು ಮುಖ ತೊಳೆದು, ಸ್ಪ್ಯಾನರಿನ ಚೀಲ ಹೆಗಲಿಗೆ ಹಾಕಿ ಲೋಕಲ್ ಹತ್ತಿದ. ಕೆಲಸವಿಲ್ಲದವನು ಯಾಕೆ ಹೊರಟನೆಂದು ಅವನಿಗೇ ಗೊತ್ತಿರಲಿಲ್ಲ. ಉದ್ದು ನೆನೆದಿತ್ತು, ಅಷ್ಟೇ. ಮುಂಬ್ರಾ ಸ್ಟೇಷನ್ ದಾಟುವಾಗಲೇ ಬೆಲ್ಟೋ ಕೆಪಾಸಿಟರೋ ಎಂದು ತಲೆ ಓಡುತ್ತಿತ್ತು. ಬೆಲ್ಟೇ ಆಗಿತ್ತು. ಬಿಗಿಮಾಡಿ ಸ್ವಿಚ್ಚು ಹಾಕಿದ. ಕಲ್ಲು ಒಮ್ಮೆ ಮುಲುಕಿ, ಗುರ್ರೆಂದು ತಿರುಗಿತು. ಬಿಳಿಯ ಹಿಟ್ಟು ಉಬ್ಬತೊಡಗಿತು. ವಾಸು ಗ್ರೈಂಡರಿನ ಮೇಲೆ ಕೈಯಿಟ್ಟ. ಒಳಗಿಂದ ಏನೋ ಒತ್ತಿಬಂದು ಕಣ್ಣು ತುಂಬಿ ಹರಿಯಿತು, ಎಷ್ಟು ಒರೆಸಿದರೂ ನಿಲ್ಲಲಿಲ್ಲ.

ಅಡುಗೆಯ ಜಯಶೀಲ ತಿರುಗಿ ನೋಡಿ, "ಈಚೆ ಬನ್ನಿ ವಾಸಣ್ಣ, ಅಲ್ಲಿ ಈರುಳ್ಳಿ ಹೆಚ್ತಾ ಇದ್ದಾರೆ" ಎಂದ.

ಮನೆಗೆ ಬಂದಾಗ ನಳಿನಾಕ್ಷಿ ಬಾಗಿಲಲ್ಲೇ ಅವನ ಕೆಂಪು ಕಣ್ಣು ನೋಡಿದಳು. ಅವಳ ಮುಖ ಅರಳಿತು.

"ಅತ್ತಿದ್ದೀರಾ?"

"ಹೌದು" ಎಂದ ವಾಸು. ಇವತ್ತಾದರೂ ಎಲ್ಲ ಹೇಳಿಬಿಡಬೇಕೆನಿಸಿತು. "ಕಲ್ಲು ತಿರುಗುವಾಗ ನನಗೆ ದೇವರು ಕಂಡ ಹಾಗೆ ಆಯಿತು ನಳಿನಾ."

ಅವಳು ಹತ್ತಿರ ಬಂದು ಅಂಗಿ ಮೂಸಿ ನೋಡಿದಳು.

"ಈರುಳ್ಳಿ" ಎಂದು ಒಳಗೆ ನಡೆದಳು. "ಶೇಖರಣ್ಣ ಬರೀ ಭಕ್ತಿಯಲ್ಲಿ ಅತ್ತರು. ನಿಮಗೆ ಅಳಲಿಕ್ಕೂ ಈರುಳ್ಳಿ ಬೇಕು."